ಕೋಷ್ಟಕದ ಖಾಲಿ ಮನೆಗಳು

ವಿಜಯನಗರ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಎಂದು 2011ರ ಜನಗಣತಿಯನ್ನು ಕೇಳಿದರೆ ಅದು ಸುಮ್ಮನಿರುತ್ತದೆ. ಕರ್ನಾಟಕದ ಸಾಲುಗಳಲ್ಲಿ ಬೆಳಗಾವಿಯಿಂದ ರಾಮನಗರದವರೆಗೆ ಇಳಿದು ಬಂದರೆ 30 ಜಿಲ್ಲೆಗಳು ಸಿಗುತ್ತವೆ, 31ನೆಯದು ಇಲ್ಲ. ಇರಲು ಸಾಧ್ಯವೂ ಇಲ್ಲ. ಆ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಅದೇ ವರ್ಷ ನಡೆಯಬೇಕಿದ್ದ ಗಣತಿ ಕೊರೊನಾ ಕಾಲದಲ್ಲಿ ಮುಂದಕ್ಕೆ ಹೋಯಿತು. ಈಗ ಅದರ ಗಳಿಗೆ 2027ರ ಮಾರ್ಚ್ 1 ಎಂದು ಗೊತ್ತಾಗಿದೆ.

ಆದರೂ ಆ ಜನರೆಲ್ಲ ಹಳೆಯ ಕೋಷ್ಟಕದಲ್ಲೇ ಇದ್ದಾರೆ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಬಳ್ಳಾರಿಯ ಕೆಳಗಿವೆ. ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು, ಅಲ್ಲಿಗೆ ಹೋಗಿ ಎತ್ತಿಕೊಂಡು ಬರಬೇಕು. ಕೊಟ್ಟೂರು ಆಗ ತಾಲ್ಲೂಕೇ ಆಗಿರಲಿಲ್ಲ. ಅದಕ್ಕೆ ಚಿಂತೆಯಿಲ್ಲ, ಕೂಡ್ಲಿಗಿಯ ಲೆಕ್ಕದಲ್ಲೇ ಬಂದುಬಿಡುತ್ತದೆ. ತೊಡಕಿರುವುದು ಕಂಪ್ಲಿಯಲ್ಲಿ. ಆಗ ಹೊಸಪೇಟೆ ತಾಲ್ಲೂಕಿನೊಳಗಿದ್ದ ಊರು ಈಗ ತಾನೇ ಒಂದು ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿದೆ. ಹೊಸಪೇಟೆಯ ಮೊತ್ತವನ್ನು ಇಡಿಯಾಗಿ ಕೂಡಿಸಿಕೊಂಡರೆ ಕಂಪ್ಲಿಯವರೂ ಜೊತೆಗೆ ಬಂದುಬಿಡುತ್ತಾರೆ. ಹಾಗಾಗದಿರಲು ಗ್ರಾಮಗಳ ಪಟ್ಟಿಗೆ ಇಳಿದು, ಆರಂಕಿಯ ಗ್ರಾಮಸಂಖ್ಯೆ ನೋಡುತ್ತಾ, ಕಂಪ್ಲಿ ಪಟ್ಟಣವನ್ನೂ ಅದರ ಸುತ್ತಲ ಹಳ್ಳಿಗಳನ್ನೂ ಒಂದೊಂದಾಗಿ ಕಳೆಯಬೇಕು. ಮನೆಯವರು ಏಳುವ ಮೊದಲು, ಫೋನು ಬಡಿದುಕೊಳ್ಳುವ ಮೊದಲು ಕೂತು ಮಾಡಬಹುದಾದ ಕೆಲಸ ಇದು. ಮುಗಿದಾಗ ಒಂದು ಇಡೀ ಜಿಲ್ಲೆ ಎದುರಿಗೆ ನಿಂತಿರುತ್ತದೆ. ಅದು ಎಲ್ಲಿಗೂ ಹೋಗಿರಲಿಲ್ಲ, ಬೇರೆ ಹೆಸರುಗಳ ಕೆಳಗೆ ಹಂಚಿಹೋಗಿತ್ತು, ಅಷ್ಟೆ.

ಜನಗಣತಿಯ ಅಂಕಿಅಂಶಗಳೊಳಗೆ ಏನನ್ನಾದರೂ ಹುಡುಕಿ ಸಿಗದೆ ಕೂತವರಿಗೆ ಈ ಅನುಭವ ಹೊಸದಲ್ಲ. ಬೇಕಾದ ಕಾಲಂ ಇರುವುದಿಲ್ಲ. ಮೊದಲು ಕಡತವೇ ಹಾಳಾಗಿದೆ ಎನಿಸುತ್ತದೆ, ಆಮೇಲೆ ಸರಕಾರದ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಯಾವ ಬಗೆಯ ‘ಇಲ್ಲ’? ಬೇರೆ ಕಾಲಮ್ಮಿನಲ್ಲಿ ಸೇರಿಕೊಂಡಿದೆಯೇ, ಕೂಡಿ ಕಳೆದರೆ ಸಿಗುತ್ತದೆಯೇ, ಕೇಳಿದರೂ ಪ್ರಕಟಿಸಲಿಲ್ಲವೇ, ಅಥವಾ ಯಾರೂ ಕೇಳಲೇ ಇಲ್ಲವೇ? ನಾಲ್ಕೂ ಹಾಳೆಯ ಮೇಲೆ ಒಂದೇ ಥರ ಕಾಣುತ್ತವೆ.

ಸುಲಭದ್ದರಿಂದ ಶುರು ಮಾಡೋಣ. ಹೆಚ್ಚಿನವರು ಮೊದಲು ತೆರೆಯುವುದು ಪ್ರಾಥಮಿಕ ಜನಗಣತಿ ಸಾರ ಎಂಬ ಹಾಳೆಯನ್ನು. ದೇಶದಿಂದ ಹಳ್ಳಿಯವರೆಗೆ ಪ್ರತಿಯೊಂದಕ್ಕೂ ಒಂದು ಸಾಲು. ಮನೆಗಳೆಷ್ಟು, ಜನರೆಷ್ಟು, ಗಂಡಸರು, ಹೆಂಗಸರು, ಆರು ವರ್ಷದವರೆಗಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಅನಕ್ಷರಸ್ಥರು, ದುಡಿಯುವವರು, ದುಡಿಯದವರು. ಈ ಹಾಳೆಯಲ್ಲಿ ಏಳು ವರ್ಷ ತುಂಬಿದವರ ಸಂಖ್ಯೆಗೆ ಪ್ರತ್ಯೇಕ ಕಾಲಂ ಇಲ್ಲ. ಸಾಕ್ಷರತೆಯ ಪ್ರಮಾಣ ತೆಗೆಯಲು ಬೇಕಾದದ್ದು ಅದೇ. ಒಟ್ಟು ಜನಸಂಖ್ಯೆಯಿಂದ ಆರರವರೆಗಿನ ಮಕ್ಕಳನ್ನು ಕಳೆದರೆ ಅದು ಸಿಗುತ್ತದೆ. ಇಷ್ಟು ಗೊತ್ತಿಲ್ಲದೆ ಪಕ್ಕದಲ್ಲೇ ಇರುವ ‘ಅನಕ್ಷರಸ್ಥರು’ ಕಾಲಮ್ಮನ್ನು ನಂಬಿದವರು ಮೋಸ ಹೋಗುತ್ತಾರೆ. 2011ರ ಆ ಕಾಲಮ್ಮಿನಲ್ಲಿ ದೇಶದ ಲೆಕ್ಕ ಸುಮಾರು 45 ಕೋಟಿ. ಅದರಲ್ಲಿ 16 ಕೋಟಿಗೂ ಹೆಚ್ಚು ಜನ ಆರು ವರ್ಷದವರೆಗಿನ ಮಕ್ಕಳು! ತೊಟ್ಟಿಲಲ್ಲಿರುವ ಕೂಸೂ ಅಲ್ಲಿ ಅನಕ್ಷರಸ್ಥ. ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ಸಾಕ್ಷರತೆ 73 ಪ್ರತಿಶತ, ಬಿಡದಿದ್ದರೆ 63. ಜನ ಅವರೇ, ದೇಶವೂ ಅದೇ. ಒಂದು ಕಳೆಯುವ ಲೆಕ್ಕ ಮರೆತದ್ದಕ್ಕೆ ಹತ್ತು ಅಂಶ ಮಾಯ.

ಬೇರೆ ಕಾಲಮ್ಮಿನಲ್ಲಿ ಸೇರಿಕೊಂಡವರ ಕಥೆ ಇಷ್ಟು ಹಗುರವಲ್ಲ. 2011ರಲ್ಲಿ ಗಣತಿದಾರರ ಫಾರಂನಲ್ಲಿ ಲಿಂಗ ಎಂಬಲ್ಲಿ ಮೊದಲ ಸಲ ಮೂರು ಸಂಕೇತಗಳಿದ್ದವು. ಗಂಡಿಗೆ 1, ಹೆಣ್ಣಿಗೆ 2, ಇತರರಿಗೆ 3. ಆ ಮೂರನೆಯ ಸಂಕೇತ ಪಡೆದವರು ದೇಶದಲ್ಲಿ 4,87,803 ಜನ. ಕರ್ನಾಟಕದಲ್ಲಿ 20 ಸಾವಿರದಷ್ಟು. ಈ ಸಂಖ್ಯೆ ಪ್ರತ್ಯೇಕವಾಗಿ ಪ್ರಕಟವೂ ಆಯಿತು. ಆದರೆ ಮುಖ್ಯ ಕೋಷ್ಟಕಗಳಲ್ಲಿ ಮೂರನೆಯ ಕಾಲಂ ಬರಲಿಲ್ಲ. ಎರಡೇ ಇದ್ದವು, ಮೂರನೆಯವರು ‘ಗಂಡಸರು’ ಎಂಬುದರೊಳಗೆ ಸೇರಿಹೋದರು. ಕೋಷ್ಟಕ ಮಾಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಹಳೆಯ ದಶಕಗಳೊಂದಿಗೆ ಹೋಲಿಸಬೇಕು, ಗಂಡು ಹೆಣ್ಣು ಕೂಡಿದರೆ ಒಟ್ಟು ಬರಬೇಕು. ಆದರೂ, ಊರೂರು ಅಲೆದು, ಬಾಗಿಲು ತಟ್ಟಿ, ಒಬ್ಬಳು ಮಂಗಳಮುಖಿ ಎದೆಗಟ್ಟಿ ಮಾಡಿಕೊಂಡು ಹೇಳಿದ ಉತ್ತರವನ್ನು ಬರೆದುಕೊಂಡು ಬಂದು, ಕೊನೆಗೆ ಅವಳನ್ನು ಅವಳು ಯಾವುದನ್ನು ಬಿಟ್ಟು ಬಂದಳೋ ಅದೇ ಕಾಲಮ್ಮಿಗೆ ಕಳಿಸುವುದು ಸರಿಯೆನಿಸುವುದಿಲ್ಲ. ಲಿಂಗಾನುಪಾತ 943 ಎಂದು ನಾವು ಓದುವಾಗ, ಅದರ ಒಂದು ಬದಿಯಲ್ಲಿ ಅವರೂ ನಿಂತಿದ್ದಾರೆ.

ದುಡಿಮೆಯ ಕಾಲಮ್ಮಿಗೆ ಬಂದರೆ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಜನಗಣತಿಯ ವ್ಯಾಖ್ಯೆಯಂತೆ ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ಕೆಲಸ ಮಾಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು, ಕೆಲಸವೇ ಮಾಡದವರು ಕೆಲಸಗಾರರಲ್ಲದವರು. ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದು ಹೇಳಿದ ಹೆಂಗಸರು 2011ರಲ್ಲಿ ಸುಮಾರು 16 ಕೋಟಿ. ಅವರೆಲ್ಲ ‘ಕೆಲಸಗಾರರಲ್ಲದವರು’. ಇದು ಬಹಳ ಜನ ಬಹಳ ಸಲ ಹೇಳಿದ ಮಾತು. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. 2001ರಿಂದ ಮನೆಯ ಬಳಕೆಗೆಂದೇ ಹಾಲು ಕರೆದರೂ ಅದು ಕೆಲಸ ಎಂದು ಗಣತಿ ಒಪ್ಪಿತು. ಅಂದರೆ ಕೊಟ್ಟಿಗೆಯಲ್ಲಿ ಕೂತು ಎಮ್ಮೆ ಕರೆಯುವಾಗ ಒಬ್ಬ ಗೌರಮ್ಮ ಕೆಲಸಗಾರ್ತಿ. ಅದೇ ಹಾಲನ್ನು ಒಳಗೆ ತಂದು ಕಾಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆದು ಮೊಮ್ಮಕ್ಕಳಿಗೆ ಮಜ್ಜಿಗೆ ಕೊಡುವಾಗ ಅವಳು ಕೆಲಸ ಮಾಡುತ್ತಿಲ್ಲ. ಹಿತ್ತಲ ಬಾಗಿಲ ಹೊಸ್ತಿಲಿನ ಮೇಲೆ ಒಂದು ಗೆರೆ ಎಳೆದಿದ್ದಾರೆ, ದಿನಕ್ಕೆ ಎಷ್ಟೋ ಸಲ ಅವಳು ಅದನ್ನು ದಾಟುತ್ತಾಳೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂದು ಲೆಕ್ಕದವರು ಹೇಳುತ್ತಾರೆ. ನಿಜವೇ. ಇನ್ನೊಂದು ತೊಂದರೆಯೂ ಇದೆ. ಗಣತಿದಾರ ಬಂದಾಗ ಜಗಲಿಯ ಮೇಲೆ ಕೂತು ಉತ್ತರ ಹೇಳುವವರು ಸಾಮಾನ್ಯವಾಗಿ ಯಜಮಾನರು. ‘ನಿಮ್ಮ ಮನೆಯವರು ಏನು ಮಾಡ್ತಾರೆ ಯಜಮಾನ್ರೆ?’ ಎಂದರೆ ‘ಏನಿಲ್ಲ ಸ್ವಾಮಿ, ಮನೇಲೇ ಇರ್ತಾಳೆ’ ಎಂದುಬಿಡುತ್ತಾರೆ. ಬೆಳಗಿನಿಂದ ಗದ್ದೆಯಲ್ಲಿ ಕಳೆ ಕಿತ್ತು ಬಂದವಳೂ ಆ ಒಂದು ಮಾತಿನಿಂದ ಕಾಲಂ ಬದಲಿಸುತ್ತಾಳೆ.

ಸೊನ್ನೆಯೂ ಖಾಲಿಯೂ ಬೇರೆ ಬೇರೆ. ಸೊನ್ನೆ ಎಂದರೆ ಕೇಳಿದೆವು, ಯಾರೂ ಇರಲಿಲ್ಲ. ಖಾಲಿ ಎಂದರೆ ಕೇಳಲಿಲ್ಲ, ಅಥವಾ ಉತ್ತರ ಬರಲಿಲ್ಲ. ಕರ್ನಾಟಕದ 29,340 ಗ್ರಾಮಗಳಲ್ಲಿ ಎರಡು ಸಾವಿರದಷ್ಟು ಬೇಚರಾಕ್ ಗ್ರಾಮಗಳು. ಕಂದಾಯದ ಪಟ್ಟಿಯಲ್ಲಿ ಹೆಸರಿದೆ, ಗಡಿಯಿದೆ, ಕೆಲವೆಡೆ ಹಾಳುಬಿದ್ದ ಒಂದು ಗುಡಿಯೂ ಇದ್ದೀತು, ವಾಸ ಇಲ್ಲ. ಅವುಗಳ ಮುಂದಿನ ಸೊನ್ನೆ ಪ್ರಾಮಾಣಿಕವಾದ ಸೊನ್ನೆ. ಆದರೆ ಅಂಗವಿಕಲರ ವಿಷಯ ನೋಡಿ. 1872ರಿಂದ 1931ರವರೆಗೆ ಗಣತಿ ಅವರನ್ನು ಕೇಳುತ್ತಿತ್ತು. ಕುರುಡು, ಕಿವುಡು ಎಂಬ ಆ ಕಾಲದ ಒರಟು ಮಾತಿನಲ್ಲೇ ಆದರೂ ಕೇಳುತ್ತಿತ್ತು. 1941ರಿಂದ 1971ರವರೆಗೆ ಪ್ರಶ್ನೆಯೇ ಇಲ್ಲ. 1981ರಲ್ಲಿ ಬಂತು, 1991ರಲ್ಲಿ ಹೋಯಿತು, 2001ರಲ್ಲಿ ಮತ್ತೆ ಬಂತು. 2011ರಲ್ಲಿ ಎಂಟು ಬಗೆಗಳನ್ನು ಕೇಳಿದಾಗ ಸಿಕ್ಕ ಸಂಖ್ಯೆ 2.68 ಕೋಟಿ. 1935ರಲ್ಲಿ ಕಣ್ಣಿಲ್ಲದೆ ಹುಟ್ಟಿ 1979ರಲ್ಲಿ ತೀರಿಕೊಂಡ ಒಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಕುರುಡುತನವನ್ನು ದೇಶ ಒಮ್ಮೆಯೂ ಬರೆದುಕೊಳ್ಳಲಿಲ್ಲ. ಆ ದಶಕಗಳ ಕೋಷ್ಟಕ ನೋಡಿ ಅಂಗವಿಕಲರು ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ, ಸರಿ. ಆದರೆ ಹಣ ಹಂಚುವಾಗ, ಶಾಲೆ ಕಟ್ಟುವಾಗ, ಬಸ್ಸಿನ ಮೆಟ್ಟಿಲ ಎತ್ತರ ಗೊತ್ತುಮಾಡುವಾಗ ಖಾಲಿ ಮನೆಗೂ ಸೊನ್ನೆಗೂ ವ್ಯತ್ಯಾಸ ಮಾಡುವವರು ಕಡಿಮೆ.

ಉತ್ತರ ಬಾರದೆ ಉಳಿದ ಖಾಲಿಗಳಿಗೂ ಗಣತಿ ಒಂದು ಸಾಲು ಇಟ್ಟಿದೆ. ‘ವಯಸ್ಸು ಹೇಳದವರು’ ಎಂಬ ಆ ಸಾಲಿನಲ್ಲಿ 2011ರಲ್ಲಿ ಇದ್ದವರು ಸುಮಾರು 45 ಲಕ್ಷ. ‘ಧರ್ಮ ಹೇಳದವರು’ ಸುಮಾರು 29 ಲಕ್ಷ. ವಯಸ್ಸಿನ ಕೋಷ್ಟಕವನ್ನು ವರ್ಷವರ್ಷವಾಗಿ ಬಿಡಿಸಿದ್ದನ್ನು ನೋಡಿದರೆ ನಗು ಬರುತ್ತದೆ. 29ರಲ್ಲಿ ಇರುವವರು ಕಡಿಮೆ, 30ರಲ್ಲಿ ಒಮ್ಮೆಲೇ ಗುಡ್ಡೆ. 31ಕ್ಕೆ ಮತ್ತೆ ತಗ್ಗು. 35, 40, 45, 50, 60 ಎಲ್ಲ ಕಡೆ ಇದೇ. ಐದಕ್ಕೆ, ಹತ್ತಕ್ಕೆ ಒಂದರಂತೆ ದೇಶ ಹುಟ್ಟುತ್ತದೆಯೇನೋ ಅನಿಸಬೇಕು. ಹುಟ್ಟಿದ ದಿನ ಬರೆದಿಡದ ಮನೆಗಳಲ್ಲಿ ವಯಸ್ಸು ಅಂದಾಜಿನದು. ‘ದೊಡ್ಡ ಬರ ಬಂತಲ್ಲ, ಅದರ ಮುಂದಿನ ಮಳೆಗಾಲ’ ಎನ್ನುವ ಅಜ್ಜಿಯ ಮಾತನ್ನು ಇಸವಿಗೆ ತಿರುಗಿಸಲೆಂದು ಗಣತಿದಾರರಿಗೆ ಆಯಾ ಸೀಮೆಯ ಹಳೆಯ ಘಟನೆಗಳ ಪಟ್ಟಿಯನ್ನೇ ಕೊಡುತ್ತಾರೆ. ಬರ, ಪ್ರವಾಹ, ಪ್ಲೇಗು, ಅಣೆಕಟ್ಟು. ಇಷ್ಟು ತಾಳ್ಮೆಯಿಂದ ಕೇಳಿದ ಮೇಲೂ ಗೊತ್ತಾಗದಿದ್ದರೆ ‘ಹೇಳದವರು’. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿಡುವ ಈ ಸಾಲಿನ ಮೇಲೆ ನನಗೆ ಗೌರವ ಹೆಚ್ಚು. ಅದನ್ನು ಎಲ್ಲ ವಯಸ್ಸುಗಳಿಗೂ ಹಂಚಿ ಮುಚ್ಚಿಹಾಕುವುದು ಕಷ್ಟವೇನಲ್ಲ. ಸಂಶೋಧಕರು ಹಾಗೆ ಮಾಡುವುದೂ ಉಂಟು.

ಭಾಷೆಯ ಕೋಷ್ಟಕ ನಮಗೆ ಹತ್ತಿರದ್ದು. 1961ರಲ್ಲಿ ಗಣತಿ 1,652 ಮಾತೃಭಾಷೆಗಳನ್ನು ಪಟ್ಟಿಮಾಡಿತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಬೇರೆಯಾಗಿ ತೋರಿಸುವುದು ನಿಂತಿತು. 2011ರಲ್ಲಿ ಜನ ತಮ್ಮ ಬಾಯಿಂದ ಹೇಳಿದ ಮಾತೃಭಾಷೆಗಳ ಹೆಸರು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರು ಎಲ್ಲವನ್ನೂ ಸೋಸಿ ಅದನ್ನು 1,369ಕ್ಕೆ ಇಳಿಸಿದರು, ಮತ್ತೂ ಗುಂಪು ಮಾಡಿ 121 ಭಾಷೆಗಳಾಗಿಸಿದರು. ಕನ್ನಡ ಎಂಬ ಸಾಲಿನಲ್ಲಿ 4.37 ಕೋಟಿ ಜನ ಇದ್ದಾರೆ. ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ಹೇಳಿಕೊಳ್ಳುವ ಸಂಖ್ಯೆ ಅದೇ. ಆ ಸಾಲನ್ನು ಬಿಡಿಸಿ ನೋಡಿದರೆ ಒಳಗೆ ನೀಲಗಿರಿಯ ಬಡಗರಿದ್ದಾರೆ, ಕುರುಂಬರಿದ್ದಾರೆ. ತುಳುವಿಗೆ, ಕೊಡವಕ್ಕೆ ತಮ್ಮದೇ ಸಾಲು ಸಿಕ್ಕಿದೆ, ಬಡಗಕ್ಕೆ ಸಿಕ್ಕಿಲ್ಲ. ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದು ವಿದ್ವಾಂಸರ ಚರ್ಚೆ, ಅದು ನಡೆಯಲಿ. ಕೋಟಗಿರಿಯ ಹಟ್ಟಿಯೊಂದರಲ್ಲಿ ಕೂತು ‘ನನ್ನ ಮಾತು ಬಡಗ’ ಎಂದು ಹೇಳಿದ ಹೆಂಗಸನ್ನು ನಮ್ಮ ಮೊತ್ತದಲ್ಲಿ ಎಣಿಸಿಕೊಂಡು ಹೆಮ್ಮೆಪಡುವಾಗ ಅವಳನ್ನು ಒಂದು ಮಾತು ಕೇಳಬಹುದಿತ್ತು ಎಂದು ಮಾತ್ರ ನನಗೆ ಅನಿಸುತ್ತದೆ.

ಜಾತಿಯದು ಇದರ ತಿರುವುಮುರುವು. 1931ರ ಗಣತಿ ಎಲ್ಲ ಜಾತಿಗಳನ್ನೂ ಎಣಿಸಿ 4,147 ಎಂದಿತು. 1941ರಲ್ಲಿ ಯುದ್ಧ, ಕೋಷ್ಟಕ ಬರಲಿಲ್ಲ. ಸ್ವಾತಂತ್ರ್ಯದ ನಂತರ ಪರಿಶಿಷ್ಟರನ್ನು ಬಿಟ್ಟು ಉಳಿದವರ ಜಾತಿಯನ್ನು ಕೇಳುವುದೇ ಬೇಡ ಎಂದಾಯಿತು. ಆ ಖಾಲಿ ಮನೆ ಒಂದು ನಿರ್ಧಾರದ ಫಲ, ಕೇಳದಿದ್ದರೆ ಮರೆಯುತ್ತಾರೆ ಎಂಬ ಆಸೆಯೂ ಅದರಲ್ಲಿ ಇದ್ದಿರಬೇಕು. 2011ರಲ್ಲಿ ಜನಗಣತಿಯಿಂದ ಹೊರಗೆ, ಸಾಮಾಜಿಕ ಆರ್ಥಿಕ ಸಮೀಕ್ಷೆಯಲ್ಲಿ ಕೇಳಿದರು. ಬಂದ ಉತ್ತರಗಳಲ್ಲಿ ಜಾತಿಯ ಹೆಸರುಗಳು 46 ಲಕ್ಷ ಎಂದು ಕೇಂದ್ರ ಸರಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಉಪಜಾತಿ, ಬೆಡಗು, ಮನೆತನ, ಅಡ್ಡಹೆಸರು, ಒಂದೇ ಹೆಸರಿನ ಹತ್ತು ಕಾಗುಣಿತ, ಎಲ್ಲ ಸೇರಿ. ಆ ಕೋಷ್ಟಕ ಇಂದಿಗೂ ಹೊರಬಂದಿಲ್ಲ. ಮೊದಲಿನದು ಕೇಳದೆ ಖಾಲಿ, ಇದು ಕೇಳಿ ಖಾಲಿ. 2027ರಲ್ಲಿ ಮತ್ತೆ ಕೇಳುತ್ತಾರಂತೆ. 19,569ನ್ನು 121 ಮಾಡಿದಂತೆ ಈ ಲಕ್ಷಗಳನ್ನು ಎಷ್ಟಕ್ಕೆ ಇಳಿಸುತ್ತಾರೆ, ಇಳಿಸುವಾಗ ಯಾರ ಹೆಸರು ಯಾರ ಕೆಳಗೆ ಹೋಗುತ್ತದೆ ಎಂಬುದರ ಮೇಲೆ ಮುಂದಿನ ಹಲವು ವರ್ಷಗಳ ಜಗಳ ನಿಂತಿದೆ.

ಇನ್ನು ಇಡೀ ಸೀಮೆಗಳೇ ಇಲ್ಲದಿರುವುದು. ಇದನ್ನು ತಿಳಿಯಲು ಅಡಿಟಿಪ್ಪಣಿ ಓದಬೇಕು. ಕಂಪ್ಯೂಟರಿಗೆ ಇಳಿಸಿಕೊಂಡ ಹಾಳೆಯಲ್ಲಿ ಮೊದಲು ಉದುರಿಹೋಗುವುದೂ ಅದೇ. 1981ರಲ್ಲಿ ಅಸ್ಸಾಮಿನಲ್ಲಿ ಗಲಭೆಯಿಂದ ಗಣತಿ ನಡೆಯಲಿಲ್ಲ. 1991ರಲ್ಲಿ ಜಮ್ಮು ಕಾಶ್ಮೀರದಲ್ಲಿ ನಡೆಯಲಿಲ್ಲ. ಹಿಂದಿನ ಎಣಿಕೆಗೂ ಮುಂದಿನ ಎಣಿಕೆಗೂ ನಡುವೆ ಗೆರೆ ಎಳೆದು ಆ ವರ್ಷದ ಸಂಖ್ಯೆಯನ್ನು ಆಮೇಲೆ ಕೂರಿಸಿದರು. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಮಿ ನಡುಗಿತು. ಎರಡು ವಾರ ಕಳೆದು ದೇಶವೆಲ್ಲ ಎಣಿಕೆಗೆ ಇಳಿದಾಗ ಕಚ್ಛ್‌ನಲ್ಲಿ ಮನೆ ಮನೆಗೆ ಹೋಗಿ ಎಣಿಸೋಣವೆಂದರೆ ಮನೆಗಳಿರಲಿಲ್ಲ. ಅದೇ ಗಣತಿಯ ದೇಶದ ಮೊತ್ತಗಳಲ್ಲಿ ಮಣಿಪುರದ ಸೇನಾಪತಿ ಜಿಲ್ಲೆಯ ಮಾವೊ ಮರಮ್, ಪಾವೊಮಾಟ, ಪುರುಲ್ ಎಂಬ ಮೂರು ಉಪವಿಭಾಗಗಳು ಸೇರಿಲ್ಲ. ಅಲ್ಲಿ ಎಣಿಸಿದ ಮೇಲೆ ಫಲಿತಾಂಶವನ್ನೇ ರದ್ದು ಮಾಡಿದ್ದರು. ಹಾಳೆಯ ಬುಡದಲ್ಲಿ, ಸಣ್ಣಕ್ಷರದಲ್ಲಿ, ಒಂದು ನಕ್ಷತ್ರದ ಗುರುತಿನ ಎದುರು ಅವರೆಲ್ಲ ಇದ್ದಾರೆ.

ಎಷ್ಟು ಬಿಟ್ಟುಹೋಯಿತು ಎಂದು ಗಣತಿ ತನ್ನನ್ನೇ ಪರೀಕ್ಷಿಸಿಕೊಳ್ಳುವುದೂ ಉಂಟು. ಎಣಿಕೆ ಮುಗಿದ ಮೇಲೆ ಆಯ್ದ ಕೆಲವು ಬ್ಲಾಕುಗಳಿಗೆ ಬೇರೆಯವರನ್ನು ಕಳಿಸಿ ಮತ್ತೆ ಎಣಿಸಿ ಹೊಂದಿಸಿ ನೋಡುತ್ತಾರೆ. 2011ರಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು. 2001ರಲ್ಲೂ 23. ಶೇಕಡ ಎರಡು ಚಿಲ್ಲರೆ, ಇಷ್ಟು ದೊಡ್ಡ ದೇಶಕ್ಕೆ ಇದು ಕೆಟ್ಟ ಲೆಕ್ಕವಲ್ಲ. ಆದರೆ 121 ಕೋಟಿಗೆ ಅದನ್ನು ಹಚ್ಚಿದರೆ ಸುಮಾರು 2.8 ಕೋಟಿ ಜನ. ಹಳ್ಳಿಗಿಂತ ಪಟ್ಟಣದಲ್ಲಿ ಬಿಟ್ಟುಹೋಗುವುದು ಹೆಚ್ಚು. ಬೀಗ ಹಾಕಿದ ಬಾಡಿಗೆ ಮನೆ, ರಾತ್ರಿ ಪಾಳಿ ಮುಗಿಸಿ ಮಲಗಿದ ಹುಡುಗರು, ಕಟ್ಟಡ ಮೇಲೇಳುತ್ತಿರುವಾಗ ಅದರ ನೆಲಮಾಳಿಗೆಯಲ್ಲೇ ಸಂಸಾರ ಹೂಡಿದವರು. ಮನೆಯೇ ಇಲ್ಲದವರಿಗಾಗಿ 2011ರ ಫೆಬ್ರವರಿ 28ರ ರಾತ್ರಿಯನ್ನು ಮೀಸಲಿಟ್ಟಿದ್ದರು. ಆ ಒಂದು ರಾತ್ರಿ ಗಣತಿದಾರರು ಟಾರ್ಚ್ ಹಿಡಿದು ಬಸ್ ನಿಲ್ದಾಣ, ಸೇತುವೆಯಡಿ, ಗುಡಿಯ ಪೌಳಿ, ಪೈಪುಗಳ ಒಳಗೆ ಹುಡುಕಿದರು. ಸಿಕ್ಕವರು 17.7 ಲಕ್ಷ.

ಹುಡುಕಬಾರದ ಖಾಲಿ ಮನೆಯೂ ಒಂದಿದೆ. ಭಾರತದ ಜನಗಣತಿ ಕಾಯಿದೆ 1948ರದು. ಗಣತಿದಾರ ಕೇಳಿದ್ದಕ್ಕೆ ಉತ್ತರಿಸುವುದು ಪ್ರತಿಯೊಬ್ಬರ ಕರ್ತವ್ಯ ಎಂದು ಅದರ 8ನೇ ಕಲಮು ಹೇಳುತ್ತದೆ. ಆದರೆ ಅದೇ ಕಲಮಿಗೆ ಒಂದು ವಿನಾಯಿತಿ ಅಂಟಿಕೊಂಡಿದೆ. ಮನೆಯ ಹೆಂಗಸರ ಹೆಸರು ಹೇಳಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಹೆಂಗಸಿಗೆ ಗಂಡನ ಹೆಸರು, ತೀರಿಕೊಂಡ ಗಂಡನ ಹೆಸರು, ಸಂಪ್ರದಾಯದಂತೆ ಅವಳು ಬಾಯಲ್ಲಿ ಹೇಳಬಾರದ ಇನ್ನಾರ ಹೆಸರೇ ಆದರೂ ಹೇಳುವ ಕಟ್ಟುಪಾಡಿಲ್ಲ. ದೇಶ ಹೊಸದು, ಕಾಯಿದೆ ಹೊಸದು, ಅದನ್ನು ಬರೆದವರು ಅಜ್ಜಿಯರ ನಾಲಗೆಯನ್ನು ನೆನಪಿಟ್ಟಿದ್ದರು. ಈಗ ಹೆಚ್ಚಿನವರು ಹೆಸರು ಹೇಳುತ್ತಾರೆ. ಆ ವಿನಾಯಿತಿಯನ್ನು ಹಿಂದುಳಿದ ಕಾಲದ ಗುರುತೆಂದು ನಗುವವರೂ ಇರಬಹುದು. ನಾನು ನಗಲಾರೆ. ಅದೇ ಹೊತ್ತಿಗೆ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಾಗುತ್ತಿತ್ತು. ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರು ಬೇಕೇ ಬೇಕು ಎಂದರು. ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೋದರು. ಸೇನ್ ಅವರ ಹಟಕ್ಕೂ ಕಾರಣವಿತ್ತು, ಮತ ಹಾಕುವವಳು ಯಾರದೋ ಹೆಂಡತಿಯಾಗಿ ಹಾಕಬಾರದು. ಮುಂದಿನ ಚುನಾವಣೆಗಳಲ್ಲಿ ಅದು ಫಲ ಕೊಟ್ಟಿತು ಕೂಡ. ಜನಗಣತಿಗೆ ಅವರ ಹೆಸರು ಬೇಕಿರಲಿಲ್ಲ. 1951ರ ಎಣಿಕೆಯಲ್ಲಿ ಹೆಸರು ಹೇಳದ ಹೆಂಗಸೂ ಒಂದು ತಲೆ, ಒಂದು ವಯಸ್ಸು, ಒಂದು ಮಾತೃಭಾಷೆ. ಕೂಡಿಸುವವನು ಆ ಹಾಳೆಯಲ್ಲಿ ಅವಳನ್ನು ಬಿಟ್ಟು ಮುಂದಕ್ಕೆ ಹೋಗುವಂತಿರಲಿಲ್ಲ.